ಜಾತ್ರೆಯ ಗಂಟು, ವಂಡರ್‌ಲಾದ ಲಾಕರು

ಇರಕಲ್ಲಗಡ ಹೋಬಳಿಯ ಯಾವುದೇ ಊರಿನಿಂದ ಎರಡು ದಿನಕ್ಕೆಂದು ಬಿಡದಿಯ ವಂಡರ್‌ಲಾ ಥೀಮ್ ಪಾರ್ಕಿಗೆ ಹೊರಟ ಕುಟುಂಬವನ್ನು ಬಸ್ ಸ್ಟ್ಯಾಂಡಿನಲ್ಲಿ ನೋಡಿ, ನೀರಾಟಕ್ಕೆ ಹೊರಟಿದ್ದಾರೋ ವರ್ಗವಾಗಿ ಹೊರಟಿದ್ದಾರೋ ತಿಳಿಯುವುದಿಲ್ಲ. ಗಾಲಿಯ ಸೂಟ್‌ಕೇಸು, ತಲೆಗೊಂದು ಬ್ಯಾಗು, ಚಕ್ಕುಲಿ ಚುರುಮುರಿಯ ಡಬ್ಬಿ ತುಂಬಿದ ವೈರ್ ಬುಟ್ಟಿ, ಕೊನೇ ಗಳಿಗೆಯಲ್ಲಿ ನೆನಪಾದದ್ದನ್ನೆಲ್ಲ ತುರುಕಿದ ಬಟ್ಟೆ ಅಂಗಡಿಯ ಕೈಚೀಲ. ಇದೇ ಮಂದಿ ಬನದ ಹುಣ್ಣಿಮೆ ಆದಮೇಲಿನ ಬಿದಿಗೆಗೆ ಕೊಪ್ಪಳದ ಗವಿಮಠದ ತೇರಿಗೆ ಹೋಗುವಾಗ ಮನೆಗೆಲ್ಲ ಸೇರಿ ಒಂದೇ ಚೀಲ ಹಿಡಿದಿರುತ್ತಾರೆ. ಮಕ್ಕಳು ಅವೇ, ಮುದುಕರು ಅವರೇ, ಉಳಿಯುವ ರಾತ್ರಿಯೂ ಹೆಚ್ಚುಕಡಿಮೆ ಅಷ್ಟೇ. ಹಗುರಾಗಿ ಹೋಗುವುದು ಕೆಲವರ ಹುಟ್ಟುಗುಣ, ಹೊತ್ತುಕೊಂಡು ಹೋಗುವುದು ಇನ್ನು ಕೆಲವರ ಹಣೆಬರಹ ಎಂಬ ಮಾತನ್ನು ಈ ಒಂದೇ ಮನೆ ಸುಳ್ಳು ಮಾಡುತ್ತದೆ. ಗಂಟಿನ ತೂಕ ಹೊತ್ತವರ ಸ್ವಭಾವಕ್ಕಿಂತ ಅವರು ಹೋಗುವ ಜಾಗದ ಸ್ವಭಾವವನ್ನು ಹೆಚ್ಚು ಹೇಳುತ್ತದೆ ಎಂಬುದು ನನ್ನ ವಾದ. ಅಲ್ಲಿ ಏನು ಸಿಗುತ್ತದೆಂದು ಗೊತ್ತಿದ್ದಷ್ಟೂ ಚೀಲ ಸಣ್ಣದು. ಗೊತ್ತಿಲ್ಲದಷ್ಟೂ ‘ಇರಲಿ ಬಿಡು’ ಎಂದು ಸೇರಿಸುವ ಸಾಮಾನು ದೊಡ್ಡದು.

ಗವಿಮಠದ ಈ ಗವಿಸಿದ್ಧೇಶ್ವರ ಜಾತ್ರೆಗೆ ಬರಿಗೈಯಲ್ಲಿ ಹೋಗಬಹುದು, ಏಕೆಂದರೆ ಅಲ್ಲಿ ದಾಸೋಹವಿದೆ. ಲಕ್ಷಗಟ್ಟಲೆ ಜನ ಉಣ್ಣುವ ಆ ಪಂಕ್ತಿಗೆ ಬೇಕಾದ ರೊಟ್ಟಿಯನ್ನು ಸುತ್ತಲಿನ ಹಳ್ಳಿಗಳ ಹೆಂಗಸರು ಮೊದಲೇ ಬಡಿದು, ಒಣಗಿಸಿ, ಪೇರಿಸಿ ಇಟ್ಟಿರುತ್ತಾರೆ. ಟ್ರ್ಯಾಕ್ಟರುಗಳು ಮೆರವಣಿಗೆಯಲ್ಲಿ ಅದನ್ನು ಮಠಕ್ಕೆ ಮುಟ್ಟಿಸುತ್ತವೆ. ಹಿಂದೆಯೇ ಕಾಳು, ಕಾಯಿಪಲ್ಲೆ, ಮಾದಲಿ. ಅಂದಮೇಲೆ ಜಾತ್ರೆಗೆ ಹೋಗುವವರ ಕೈಯಲ್ಲಿ ಭಾರ ಕಾಣದಿದ್ದರೂ ಭಾರ ಇಲ್ಲದೆ ಇಲ್ಲ. ಅದನ್ನು ಊರಿಗೆ ಊರೇ ಒಟ್ಟಾಗಿ ಮುಂಚೆಯೇ ಹೊತ್ತು ಹಾಕಿದೆ. ಆ ಕಡಕ್ ರೊಟ್ಟಿಯನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು. ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಮತ್ತೆ ಬಿಸಿಗೆ ಒಣಗಿಸಿದರೆ ಅದರಲ್ಲಿ ಉಳಿಯುವುದು ಜೋಳ ಮಾತ್ರ, ನೀರೆಲ್ಲ ಮನೆಯಲ್ಲೇ ಉಳಿಯಿತು. ವಾರಗಟ್ಟಲೆ ಕೆಡುವುದಿಲ್ಲ, ಒಂದರ ಮೇಲೊಂದು ಕೂಡುತ್ತದೆ, ಹೋದ ಊರಿನ ಪಲ್ಯಕ್ಕೋ ಸಾರಿಗೋ ಅದ್ದಿದರೆ ಬಿಟ್ಟುಬಂದ ನೀರು ವಾಪಸು ಬರುತ್ತದೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಯ ಕತೆಯೂ ಇದೇ. ಪ್ರವಾಸದ ಸಾಮಾನಿನಲ್ಲಿ ನಿಜವಾದ ತೂಕ ನೀರಿನದು ಎಂಬ ಲೆಕ್ಕ ನಮ್ಮ ಬುತ್ತಿ ಕಟ್ಟುವವರಿಗೆ ತಿಳಿದಿತ್ತು. ಎರಡು ದಿನದ ಸ್ನಾನಕ್ಕೆ ಶಾಂಪೂವಿನ ದೊಡ್ಡ ಬಾಟಲಿ ತುರುಕುವ ನಾವು ಅದನ್ನು ಮರೆತಿದ್ದೇವೆ.

ಇನ್ನು ಅಂದಚೆಂದದ ಮಾತು. ಹಗುರ ಎಂದರೆ ಬಡಕಲು, ಚೆಂದ ಎಂದರೆ ಹತ್ತು ಜೊತೆ ಬಟ್ಟೆ ಎಂದು ಯಾರು ಹೇಳಿದರೋ. ಜಾತ್ರೆಯ ಅಂದ ಚೀಲದಲ್ಲಿ ಇರುತ್ತಿರಲಿಲ್ಲ, ಮೈಮೇಲೆ ಇರುತ್ತಿತ್ತು. ಕುಷ್ಟಗಿಯ ಆಚೆಗಿನ ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ: ಇಷ್ಟರಲ್ಲಿ ಎಲ್ಲ ಮುಗಿಯಿತು. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಯೇ ಬೇರೆ, ಸೆರಗಿನ ಎಳೆಯೇ ಬೇರೆ. ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ದುಡಿಯುವ ಒಡಲು ಹತ್ತಿ, ಮೆರೆಯುವ ಸೆರಗು ಕೆಂಪು ರೇಷ್ಮೆ, ಅದರ ಮೇಲೆ ಬಿಳಿಯ ತೋಪು ತೆನಿ ಚಿತ್ತಾರ. ಖರ್ಚೂ ಬೆಡಗೂ ಕಣ್ಣಿಗೆ ಬೀಳುವ ಕಡೆಗೆ, ಗಟ್ಟಿತನ ಉಳಿದ ಕಡೆಗೆ ಎಂಬ ಈ ಹಂಚಿಕೆಯಷ್ಟು ಜಾಣ ಉಡುಪು ಯಾವ ಮಾಲಿನಲ್ಲೂ ಸಿಗಲಾರದು. ಹೊಲಿಗೆಯಿಲ್ಲದ ಬಟ್ಟೆಯಾದ್ದರಿಂದ ಮಡಿಚಿದರೆ ಚಪ್ಪಟೆ. ತಾಯಿ, ಮಗಳು, ಸೊಸೆ ಮೂವರಿಗೂ ಅಳತೆ ಸರಿ, ಮಗು ಮಲಗಿದರೆ ಜೋಲಿ. ಗಂಡಸರ ಹೆಗಲ ಮೇಲಿನ ವಲ್ಲಿಯೂ ಹೀಗೇ. ಬಿಸಿಲಿಗೆ ತಲೆಗೆ, ಬೆವರಿಗೆ ಮುಖಕ್ಕೆ, ನಿದ್ದೆ ಬಂದರೆ ನೆಲಕ್ಕೆ, ಪ್ಯಾಟಿಯಲ್ಲಿ ಚುರುಮುರಿ ಕೊಂಡರೆ ಗಂಟು. ಖಾಲಿಯಾದಾಗ ತಾನೇ ಇಲ್ಲದಂತಾಗುವ ಚೀಲ ಅದೊಂದೇ.

ಪೆಟ್ಟಿಗೆಯ ಚರಿತ್ರೆ ಬೇರೆ ದಾರಿ ಹಿಡಿದದ್ದು. 1858ರಲ್ಲಿ ಪ್ಯಾರಿಸಿನ ಲೂಯಿ ವಿಟಾನ್ ಉಬ್ಬಿದ ಮುಚ್ಚಳದ ಟ್ರಂಕಿನ ಬದಲು ಚಪ್ಪಟೆ ಮುಚ್ಚಳದ್ದನ್ನು ಮಾಡಿದ, ರೈಲಿನಲ್ಲೂ ಹಡಗಿನಲ್ಲೂ ಒಂದರ ಮೇಲೊಂದು ಪೇರಿಸಲು ಬಂತು. ಯಜಮಾನರ ಅಂದವೆಲ್ಲ ಅದರೊಳಗೆ, ಹೊರುವವರು ಮಾತ್ರ ಬೇರೆಯವರು. ಹೊರಲು ಕೂಲಿಯಾಳು ಇರುವವರೆಗೆ ತೂಕದ ಚಿಂತೆ ಯಾರಿಗೆ? ಮುಂದೆ 1972ರಲ್ಲಿ ಬರ್ನಾರ್ಡ್ ಸ್ಯಾಡೊ ಎಂಬ ಅಮೆರಿಕದವನು ಸೂಟ್‌ಕೇಸಿಗೆ ಗಾಲಿ ಹಾಕಿ ಪೇಟೆಂಟ್ ಪಡೆದ. 1987ರಲ್ಲಿ ರಾಬರ್ಟ್ ಪ್ಲಾತ್ ಎಂಬ ಪೈಲಟ್ ಅದನ್ನು ನೆಟ್ಟಗೆ ನಿಲ್ಲಿಸಿ ಉದ್ದನೆಯ ಹಿಡಿಕೆ ಕೊಟ್ಟ. ಒಳ್ಳೆಯ ಕೆಲಸವೇ, ಬೆನ್ನುನೋವಿನವರು ನೆನೆಯಬೇಕಾದವರು. ಆದರೆ ಗಾಲಿ ತೂಕವನ್ನು ಇಳಿಸಲಿಲ್ಲ, ಕೈಗೆ ಗೊತ್ತಾಗದಂತೆ ಮಾಡಿತು. ಮನೆಯ ಟೈಲ್ಸಿನ ಮೇಲೆ ಹಂಸದಂತೆ ಸಾಗಿದ ಪೆಟ್ಟಿಗೆ ಬಸ್ಸಿನ ಮೆಟ್ಟಿಲಿಗೆ ಬಂದಾಗ ನಿಜರೂಪ ತೋರಿಸುತ್ತದೆ. ರೈಲಿನಲ್ಲಿ ಸ್ಲೀಪರ್ ಟಿಕೆಟ್ಟಿಗೆ 40 ಕಿಲೋವರೆಗೆ ಬಿಟ್ಟಿ ಒಯ್ಯಬಹುದು ಎಂಬ ನಿಯಮವಿದೆ. ಅದನ್ನು ತಲುಪಲೇಬೇಕಾದ ಗುರಿ ಎಂದುಕೊಂಡವರೂ ಇದ್ದಾರೆ.

ಥೀಮ್ ಪಾರ್ಕ್ ಈ ಪೆಟ್ಟಿಗೆಗೆ ಗೇಟಿನಲ್ಲೇ ಬೆಲೆ ಕಟ್ಟುತ್ತದೆ. 2005ರಲ್ಲಿ ಬಿಡದಿ ಬಳಿ ಶುರುವಾದ ವಂಡರ್‌ಲಾದಲ್ಲಿ ಹೊರಗಿನ ಊಟ ಒಳಗೆ ಬರುವಂತಿಲ್ಲ, ಸಾಮಾನಿಗೆ ಬಾಡಿಗೆ ಲಾಕರು, ನೀರಿಗಿಳಿಯಲು ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯೇ ಆಗಬೇಕು. ಸೀರೆ, ಜೀನ್ಸು, ಹತ್ತಿಯ ಅಂಗಿ ದಡದಲ್ಲೇ. ಹತ್ತಿಯನ್ನು ಮೇಲೆ ಅಷ್ಟು ಹೊಗಳಿದ ನಾನು ಇಲ್ಲಿ ನೈಲಾನಿನ ಪಕ್ಷ ವಹಿಸಬೇಕಾಗಿದೆ. ಸಾಮಾನ್ಯ ಹವೆಯಲ್ಲೇ ಹತ್ತಿ ತನ್ನ ತೂಕದ ನೂರಕ್ಕೆ 8ರಷ್ಟು ತೇವ ಹಿಡಿದಿರುತ್ತದೆ. ನೈಲಾನಿನಲ್ಲಿ ಅದು ಸುಮಾರು 4, ಪಾಲಿಯೆಸ್ಟರಿನಲ್ಲಿ ನೂರಕ್ಕೆ ಅರ್ಧಕ್ಕಿಂತ ಕಡಿಮೆ. ಕೊಳದಲ್ಲಿ ಮುಳುಗಿದ ಜೀನ್ಸ್ ಸಂಜೆಗೂ ಒಣಗದೆ, ಪ್ಲಾಸ್ಟಿಕ್ ಚೀಲದಲ್ಲಿ ನಾತ ಹೊಡೆಯುತ್ತ, ಒಯ್ದದ್ದಕ್ಕಿಂತ ಭಾರವಾಗಿ ಊರಿಗೆ ಮರಳುತ್ತದೆ. ನೈಲಾನ್ ಹಿಂಡಿ ಒದರಿದರೆ ಒಣಗಿತು. ಕಡಕ್ ರೊಟ್ಟಿಯ ನ್ಯಾಯವೇ ಇದು, ನೀರನ್ನು ಅದು ಇರುವ ಕಡೆಯೇ ಬಿಟ್ಟು ಬರುವುದು. ಹಾಗಾಗಿ ಈಜುಬಟ್ಟೆಯ ನಿಯಮವನ್ನು ದಬ್ಬಾಳಿಕೆ ಎಂದು ನಾನು ಬಗೆಯುವುದಿಲ್ಲ. ಊಟದ ನಿಯಮದ ಬಗ್ಗೆ ಅಷ್ಟು ಉದಾರವಾಗಿರಲಾರೆ. 1955ರಲ್ಲಿ ಬಾಗಿಲು ತೆರೆದ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಇವತ್ತು 24 ಇಂಚು ಉದ್ದ, 15 ಇಂಚು ಅಗಲ, 18 ಇಂಚು ಎತ್ತರ ಮೀರಿದ ಚೀಲವನ್ನು ಒಳಗೆ ಬಿಡುವುದಿಲ್ಲ, ಆದರೆ ಮನೆಯ ತಿನಿಸನ್ನು ಬಿಡುತ್ತದೆ.

ಇಲ್ಲಿಯೇ ಗಟ್ಟಿಯಾದ ಆಕ್ಷೇಪ ಎದುರಾಗುತ್ತದೆ. ಹಗುರಾಗಿ ಹೋಗುವುದು ಕಾಸಿದ್ದವರ ಸೊಗಸು. ಬೇಕಾದಾಗ ಕೊಳ್ಳಬಲ್ಲವನ ಜೇಬಿನಲ್ಲೇ ಅವನ ಸೂಟ್‌ಕೇಸು ಇರುತ್ತದೆ, ಕೊಳ್ಳಲಾಗದವರು ಹೊರಲೇಬೇಕು. ಇದು ನಿಜ, ಅಲ್ಲಗಳೆಯಲು ಬರುವುದಿಲ್ಲ. ಚಕ್ಕುಲಿಯ ಡಬ್ಬಿ ಅಂಜುಬುರುಕತನವಲ್ಲ, ಲೆಕ್ಕಾಚಾರ. ಆದರೆ ಈ ಆಕ್ಷೇಪ ನನ್ನ ವಾದವನ್ನು ಮುರಿಯುವ ಬದಲು ಅದಕ್ಕೆ ಆನಿಕೆ ಕೊಡುತ್ತದೆ. ದಾಸೋಹ ಇರುವಲ್ಲಿ ಬಡವನೂ ಹಗುರ, ಲಾಕರು ಇರುವಲ್ಲಿ ದುಡ್ಡಿದ್ದವನು ಮಾತ್ರ ಹಗುರ. ಹಾಗಾದರೆ ಡಬ್ಬಿ ಇರಲಿ, ಅದನ್ನು ರೈಲಿನ ದಾರಿಗೆ ಲೆಕ್ಕ ಹಾಕಿ ತುಂಬಿ, ಗೇಟಿಗೆ ಮುಂಚೆ ಖಾಲಿಯಾಗುವಷ್ಟು. ಮಕ್ಕಳಿದ್ದರೆ ಇದೆಲ್ಲ ಆಗದು ಎನ್ನುವವರಿಗೆ ಅರ್ಧ ಒಪ್ಪಿಗೆ. ಔಷಧ, ಹಾಲುಪುಡಿ, ಒಂದು ಜೊತೆ ಹೆಚ್ಚಿನ ಚಡ್ಡಿಗೆ ಯಾರೂ ಅಡ್ಡ ಬರಬಾರದು. ಆದರೆ ಮಗುವಿನ ಹೆಸರಿನಲ್ಲಿ ಹೊರಡುವ ಸಾಮಾನಿನಲ್ಲಿ ಎಷ್ಟೋ ಭಾಗ ಮನೆಯ ಹಿರಿಯರ ಅನುಮಾನದ್ದು, ಅದನ್ನು ಕಟ್ಟುವವಳೂ ಬಿಚ್ಚುವವಳೂ ಒಬ್ಬಳೇ ತಾಯಿ. ‘ಒಂದ್ ಸ್ವೆಟರ್ ಇಟ್ಕೊಳ್ಳವ್ವ, ಇರ್ಲಿ’ ಎನ್ನುವವರು ಆ ಸ್ವೆಟರನ್ನು ತಾವೇ ಹಿಡಿದುಕೊಂಡು ಹೊರಡಲಿ ಎಂಬ ಕಟ್ಟಳೆ ಮಾಡಿದರೆ ಚೀಲಗಳ ಗಾತ್ರ ಒಂದೇ ಸಲಕ್ಕೆ ಇಳಿದೀತು.

ಫೋಟೋದ ಪ್ರಶ್ನೆ ಉಳಿಯಿತು, ಈಗಿನ ಕಾಲಕ್ಕೆ ಅದೇ ದೊಡ್ಡದು. ಜೈಂಟ್ ವೀಲಿನ ಮುಂದೊಂದು ಡ್ರೆಸ್, ಕಾರಂಜಿಯ ಮುಂದೊಂದು ಡ್ರೆಸ್ ಬೇಡವೇ ಎನ್ನುತ್ತಾರೆ ಹುಡುಗಿಯರು. ಹುಡುಗರ ಕೂಲಿಂಗ್ ಗ್ಲಾಸುಗಳೇನು ಕಡಿಮೆಯಿಲ್ಲ. ಆಸೆ ತಪ್ಪಲ್ಲ, ಆದರೆ ದಿನದ ಅರ್ಧ ಹೊತ್ತು ಎಲ್ಲರೂ ತೊಯ್ದ ತಲೆಯಲ್ಲಿ, ನೈಲಾನಿನಲ್ಲಿ ಇರುತ್ತಾರೆ. ಉಳಿದರ್ಧಕ್ಕೆ ಒಂದೇ ಜೊತೆ, ಅದೂ ಎದ್ದು ಕಾಣುವ ಬಣ್ಣದ್ದಾದರೆ ಸಾಲದೇ? ಇಳಕಲ್ಲಿನ ನೇಕಾರರು ಮಾಡಿದಂತೆ ಒಡಲು ಸಾದಾ, ಸೆರಗು ಕೆಂಪು. ಗಾಢ ಬಣ್ಣದ ಒಂದು ಪ್ಯಾಂಟು, ತಿಳಿ ಬಣ್ಣದ ಎರಡು ಅಂಗಿ, ಖಣದ ಬಟ್ಟೆಯಲ್ಲಿ ಹೊಲಿಸಿದ ಒಂದು ಮೇಲಂಗಿಯೋ ದುಪಟ್ಟಾವೋ, ಹಿಂಬದಿ ಪಟ್ಟಿಯಿರುವ ಒಂದೇ ಜೊತೆ ಚಪ್ಪಲಿ. ಸವಾರಿ ಹತ್ತುವಾಗ ದುಪಟ್ಟಾ ಬಿಚ್ಚಿಡಬೇಕು, ಅದು ನಿಯಮಕ್ಕೂ ಕೊರಳಿಗೂ ಕ್ಷೇಮ. ಸ್ನಾನದ ಟವೆಲ್ಲಿಗೆ ಬದಲು ತೆಳ್ಳನೆಯ ವಲ್ಲಿ ಒಂದಿದ್ದರೆ ಮೈ ಒರೆಸಿ, ಹಿಂಡಿ, ಮಧ್ಯಾಹ್ನದ ಬಿಸಿಲಿಗೆ ಹೆಗಲ ಮೇಲೇ ಒಣಗಿಸಿಕೊಳ್ಳಬಹುದು. ಕೊಪ್ಪಳಕ್ಕೆ ಮರಳುವ ರೈಲಿನಲ್ಲಿ ಅದೇ ದಿಂಬು. ಇಷ್ಟೂ ಒಂದು ಬೆನ್ನ ಬ್ಯಾಗಿನಲ್ಲಿ ಹಿಡಿಸುತ್ತದೆ, ಲಾಕರಿನ ಬಾಗಿಲೂ ಮುಚ್ಚುತ್ತದೆ. ಪವರ್ ಬ್ಯಾಂಕು ಯಾರ ಚೀಲಕ್ಕೆ ಎಂಬುದನ್ನು ಮನೆಯವರೇ ಜಗಳವಾಡಿ ತೀರ್ಮಾನಿಸಿಕೊಳ್ಳಲಿ.