ದೀಪಕ್ಕೆ ಗೊತ್ತಿರುವುದೆಷ್ಟು?

'ಆ ಲೈಟು ಸುಮ್ನೆ ಉರೀತದೆ, ತಲೆ ಕೆಡಿಸ್ಕೋಬೇಡಿ.' ಹಳೆಯ ಸ್ಕೂಟರು ಕೈ ಬದಲಾಗುವಾಗ ಆರ್‌.ಸಿ. ಪುಸ್ತಕ, ಎರಡನೆಯ ಕೀಲಿಕೈಗಳ ಜೊತೆಗೆ ಈ ಮಾತೂ ಹೊಸ ಯಜಮಾನರಿಗೆ ಸೇರುತ್ತದೆ. ಹೇಳುವವರಿಗೆ ಮೋಸದ ಉದ್ದೇಶವಿರುವುದಿಲ್ಲ. ಅವರಿಗೂ ಹಿಂದೆ ಯಾರೋ ಹಾಗೆಯೇ ಹೇಳಿರುತ್ತಾರೆ. ಟ್ಯಾಂಕಿನಲ್ಲಿ ಆಯಿಲ್ ತುಂಬಿದ್ದರೂ ಮೀಟರಿನ ಮೂಲೆಯಲ್ಲಿ ಕೆಂಪು ಚುಕ್ಕೆ ಹತ್ತಿಕೊಂಡೇ ಇರುತ್ತದೆ. ಮೊದಮೊದಲು ಎದೆ ಧಸಕ್ಕೆನ್ನುತ್ತದೆ, ಆಮೇಲೆ ಬೇಸರ ಬರುತ್ತದೆ, ಕೊನೆಗೆ ದೀಪ ಉರಿಯುತ್ತಿದ್ದರೂ ಕಣ್ಣಿಗೆ ಬೀಳುವುದೇ ನಿಂತುಹೋಗುತ್ತದೆ. ನನಗೆ ಹೆದರಿಕೆ ಈ ಕೊನೆಯ ಹಂತದ್ದೇ.

ದೀಪದ ಮೇಲೆ ಸಿಟ್ಟಾಗುವ ಮುಂಚೆ ಅದು ನಮ್ಮ ಗಾಡಿಗಳಿಗೆ ಯಾಕೆ ಬಂತು ಎಂಬುದನ್ನು ಸ್ವಲ್ಪ ನೆನೆಯೋಣ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು, ಗಾಳಿ ಎರಡೂ ಕ್ರ್ಯಾಂಕ್ ಕೇಸಿನೊಳಗಿಂದಲೇ ಹಾದು ಸಿಲಿಂಡರಿಗೆ ಹೋಗುತ್ತವೆ. ಹಾಗಾಗಿ ಫೋರ್-ಸ್ಟ್ರೋಕಿನಂತೆ ಅಲ್ಲಿ ಆಯಿಲ್ ತುಂಬಿಸಿಡಲು ಬರುವುದಿಲ್ಲ. ಪಿಸ್ಟನ್ನಿಗೂ ಬೇರಿಂಗಿಗೂ ಬೇಕಾದ ಆಯಿಲ್ ಪೆಟ್ರೋಲಿನ ಜೊತೆಗೇ ಬಂದು, ತನ್ನ ಕೆಲಸ ಮುಗಿಸಿ, ಉರಿದು ಹೊಗೆಯಾಗಿ ಹೋಗಬೇಕು. 1972ರಲ್ಲಿ ಬಂದ ಬಜಾಜ್ ಚೇತಕ್‌ನಲ್ಲಿ, ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಬಹುಪಾಲು ಜಾವಾಗಳಲ್ಲಿ ಬೆರಕೆಯ ಕೆಲಸ ನಡೆಯುತ್ತಿದ್ದದ್ದು ಪೆಟ್ರೋಲ್ ಬಂಕಿನಲ್ಲೇ. ಚೇತಕ್‌ಗಾದರೆ ಲೀಟರಿಗೆ 20 ಎಂ.ಎಲ್. ಲೆಕ್ಕದಲ್ಲಿ ಟೂ-ಟಿ ಆಯಿಲನ್ನು ಅಳತೆ ಪಾತ್ರೆಯಿಂದ ಸುರಿದು ಮೇಲೆ ಪೆಟ್ರೋಲು ಬಿಡುತ್ತಿದ್ದರು. ಮುಚ್ಚಳ ಬಿಗಿದ ಮೇಲೆ ಹಿರಿಯರು ಗಾಡಿಯನ್ನು ಎಡಕ್ಕೂ ಬಲಕ್ಕೂ ಅಲುಗಿಸಿ, ಚೆನ್ನಾಗಿ ಬೆರೆಯಿತು ಎನ್ನಿಸಿದ ನಂತರವೇ ಕಿಕ್ ಹೊಡೆಯುತ್ತಿದ್ದರು. ಆಯಿಲ್ ಹಾಕಿಸಿದ್ದನ್ನು ಕಣ್ಣಾರೆ ಕಂಡಿರುತ್ತಿದ್ದರಿಂದ ಅದನ್ನು ನೆನಪಿಸಲು ಬೇರೊಂದು ದೀಪ ಬೇಕಿರಲಿಲ್ಲ.

1984ರಲ್ಲಿ ಪುಣೆಯ ಕೈನೆಟಿಕ್ ಮತ್ತು ಜಪಾನಿನ ಹೋಂಡಾ ಕೈಜೋಡಿಸಿದ ಮೇಲೆ ಗೇರಿಲ್ಲದ, ಗುಂಡಿ ಒತ್ತಿದರೆ ಹೊರಡುವ ಸ್ಕೂಟರು ನಮ್ಮ ರಸ್ತೆಗೆ ಬಂತು. ಹೆಣ್ಣುಮಕ್ಕಳು, ವಯಸ್ಸಾದವರು, ಒದ್ದು ಸ್ಟಾರ್ಟ್ ಮಾಡಲಾರದವರೆಲ್ಲ ಸ್ವತಂತ್ರವಾಗಿ ಓಡಾಡುವಂತಾದದ್ದು ಇಂಥ ಗಾಡಿಗಳಿಂದ. ಆಯಿಲಿಗೆ ಪ್ರತ್ಯೇಕ ಟ್ಯಾಂಕು, ಎಂಜಿನ್ನೇ ನಡೆಸುವ ಪುಟ್ಟ ಪಂಪು ಇರುವ ಸ್ಕೂಟರುಗಳು ಬಂದ ಮೇಲೆ ಬೆರಕೆಯ ರಗಳೆ ತಪ್ಪಿತು. ಆದರೆ ಎರಡನೆಯ ಟ್ಯಾಂಕು ಪ್ಯಾನಲ್ಲಿನ ಹಿಂದೆ ಅಡಗಿತು. ಇಟಲಿಯ ವೆಸ್ಪಾ ಪಿಎಕ್ಸ್‌ನ ಆಯಿಲ್ ಪಂಪಿನ ಮಾದರಿಗಳಲ್ಲಿ ಅದಕ್ಕೆಂದೇ ಗಾಜಿನ ಸಣ್ಣ ಕಿಂಡಿ ಇಟ್ಟರು. ಬಗ್ಗಿ ನೋಡಿದರೆ ಆಯಿಲ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಕಿಂಡಿ ಇಲ್ಲದ ಕಡೆ ದೀಪ ಬಂತು. ಬಂಕಿನಲ್ಲಿ ನಮ್ಮ ಕಣ್ಣು ಮಾಡುತ್ತಿದ್ದ ಕೆಲಸ ಅದರ ಪಾಲಿಗೆ ಹೋಯಿತು.

ಆ ದೀಪ ತನ್ನ ಕೆಲಸವನ್ನು ಹೇಗೆ ಮಾಡುತ್ತದೆ ಎಂದು ನಾನು ಹತ್ತಿರದಿಂದ ನೋಡಿದ್ದು ನಮ್ಮೂರ ಗ್ಯಾರೇಜಿನಲ್ಲಿ. ನನ್ನ ಹಳೆಯ ಟೂ-ಸ್ಟ್ರೋಕ್ ಗಾಡಿಯ ದೀಪ ಆರುವುದನ್ನೇ ಬಿಟ್ಟಿತ್ತು. ಗ್ಯಾರೇಜಿನ ಸಾಹೇಬರು ಸ್ಪ್ಯಾನರ್ ಮುಟ್ಟಲಿಲ್ಲ. ಮೊದಲು ಆಯಿಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ, ಮೊಬೈಲಿನ ಟಾರ್ಚ್ ಹಿಡಿದು ಒಳಗೆ ಇಣುಕಿದರು. 'ಫಸ್ಟು ಕಣ್ಣಲ್ಲಿ ನೋಡ್ಬೇಕು ಸಾರ್. ಲೈಟಿನ ವಿಚಾರ ಆಮೇಲೆ' ಎಂದರು. ಆಯಿಲ್ ಸಾಕಷ್ಟಿತ್ತು. ಆಮೇಲೆ ಪ್ಯಾನಲ್ ಬಿಚ್ಚಿದರು. ಟ್ಯಾಂಕಿನ ನೆತ್ತಿಯ ಮೇಲೆ ರಬ್ಬರಿನ ಬಿರಡೆ, ಅದರಿಂದ ಹೊರಟ ಎರಡು ವೈರು, ತುದಿಯಲ್ಲಿ ಕಪ್ಲರು. ಕಪ್ಲರನ್ನು ಎಳೆದು ಬಿಡಿಸಿ 'ಕೀ ಆನ್ ಮಾಡಿ' ಎಂದರು. ದೀಪ ಹತ್ತಲಿಲ್ಲ. 'ಮೀಟರ್‌ವರೆಗೂ ವೈರಿಂಗ್ ಚೆನ್ನಾಗಿದೆ. ಕೆಟ್ಟಿರೋದು ಒಳಗಡೆ.'

ಬಿರಡೆಯನ್ನು ಮೆಲ್ಲಗೆ ಮೇಲೆತ್ತಿದಾಗ ಬೆರಳುದ್ದದ ಪ್ಲಾಸ್ಟಿಕ್ ಕಡ್ಡಿಯೊಂದು ಆಯಿಲ್ ತೊಟ್ಟಿಕ್ಕಿಸುತ್ತ ಹೊರಬಂತು. ಕಡ್ಡಿಯ ಸುತ್ತ ಉಂಗುರದಂಥ ಫ್ಲೋಟು. ಆ ಫ್ಲೋಟಿನಲ್ಲಿ ಆಯಸ್ಕಾಂತ. ಕಡ್ಡಿಯೊಳಗೆ ಗಾಜಿನ ಸಣ್ಣ ನಳಿಗೆ, ಅದರಲ್ಲಿ ಒಂದಕ್ಕೊಂದು ತಾಗಿಯೂ ತಾಗದಂತಿರುವ ಲೋಹದ ಎರಡು ತೆಳು ಪಟ್ಟಿ. ಆಯಿಲ್ ಇಳಿದಂತೆ ಫ್ಲೋಟೂ ಇಳಿಯುತ್ತದೆ. ತಳ ಸೇರಿದಾಗ ಆಯಸ್ಕಾಂತದ ಸೆಳೆತಕ್ಕೆ ಪಟ್ಟಿಗಳು ಕೂಡಿಕೊಂಡು ದೀಪಕ್ಕೆ ಕರೆಂಟು ಹರಿಯುತ್ತದೆ. ನನ್ನ ಗಾಡಿಯಲ್ಲಿ ಹಳೆಯ ಆಯಿಲಿನ ಕಂದು ಜಿಡ್ಡು ಕಡ್ಡಿಯ ಬುಡದಲ್ಲಿ ಗಟ್ಟಿಯಾಗಿ, ಫ್ಲೋಟು ಅಲ್ಲೇ ಅಂಟಿಕೊಂಡಿತ್ತು. ಸಾಹೇಬರು ಹಳೆ ಬನಿಯನ್ ಬಟ್ಟೆಯಿಂದ ಅದನ್ನು ಒರೆಸಿ ಒರೆಸಿ ತೆಗೆದರು. ಕಡ್ಡಿಯನ್ನು ತಲೆಕೆಳಗು ಮಾಡಿದಾಗ ಫ್ಲೋಟು 'ಟಿಕ್' ಎಂದು ಜಾರಿತು. ಮಲ್ಟಿಮೀಟರ್ ಹಚ್ಚಿ ತೋರಿಸಿದರು: ಫ್ಲೋಟು ಬುಡಕ್ಕೆ ಬಂದರೆ 'ಕುಂಯ್' ಸದ್ದು, ಮೇಲೆತ್ತಿದರೆ ಮೌನ. ಹಾಕುವಾಗ ಟ್ಯಾಂಕಿನೊಳಗೆ ಒಂದು ಚೂರು ಮಣ್ಣೂ ಬೀಳದಂತೆ ಬಿರಡೆಯ ಸುತ್ತಲೂ ಒರೆಸಿದರು. ಆ ಶ್ರದ್ಧೆಯನ್ನು ನೋಡುವುದೇ ಒಂದು ಪಾಠ.

ಅಂದರೆ, ದೀಪಕ್ಕೆ ಗೊತ್ತಿರುವುದು ಆ ಎರಡು ಪಟ್ಟಿಗಳು ಕೂಡಿವೆಯೋ ಬಿಟ್ಟಿವೆಯೋ ಎಂಬುದಷ್ಟೇ. ಆಯಿಲನ್ನು ಅದು ಎಂದೂ ಕಂಡಿಲ್ಲ. ಇದೊಂದು ಮನಸ್ಸಿಗೆ ಹತ್ತಿದರೆ ಸುಳ್ಳು ದೀಪದ ಅರ್ಧ ಗೊಂದಲ ಅಲ್ಲಿಗೇ ಪರಿಹಾರ.

ಉಳಿದರ್ಧಕ್ಕೆ ಕಾರಣಗಳನ್ನು ಹುಡುಕಬೇಕು. ಕಪ್ಲರ್ ಬಿಚ್ಚಿದ ಮೇಲೂ ದೀಪ ಉರಿಯುತ್ತಿದ್ದರೆ ವೈರು ಎಲ್ಲೋ ಬಾಡಿಗೆ ತಾಗಿ ಅರ್ಥ್ ಆಗಿದೆ ಎಂದೇ ಲೆಕ್ಕ. ಹ್ಯಾಂಡಲ್ ತಿರುಗುವ ಜಾಗದಲ್ಲಿ ತಿಕ್ಕಿ ತಿಕ್ಕಿ ಸುಲಿದಿರಬಹುದು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಬಂದ ಇಲಿ ಕಡಿದಿರಬಹುದು. ಮಲೆನಾಡಿನಲ್ಲಿ ಅಡಿಕೆ ಚೀಲದ ಪಕ್ಕ ಗಾಡಿ ನಿಲ್ಲಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾಟರ್ ಸರ್ವಿಸ್ ಮಾಡಿಸಿದ ಮರುದಿನ ದೀಪ ಹತ್ತಿಕೊಂಡಿತು ಎನ್ನುವವರು ಬಹಳ. ಜೋರಾಗಿ ಹೊಡೆದ ನೀರು ಕಪ್ಲರಿನೊಳಗೆ ನಿಂತಿರುತ್ತದೆ. ಬಿಚ್ಚಿ, ಒಣಗಿಸಿ, ಹಸಿರು ಕಿಲುಬು ಹಿಡಿದಿದ್ದರೆ ಕೆರೆದು ತೆಗೆದರೆ ಸರಿಹೋಗುತ್ತದೆ. ಫ್ಲೋಟಿನೊಳಗೇ ಆಯಿಲ್ ಇಳಿದು ಅದು ಮುಳುಗಿದ್ದರೆ, ಪಟ್ಟಿಗಳು ಒಂದಕ್ಕೊಂದು ಹಿಡಿದುಕೊಂಡುಬಿಟ್ಟಿದ್ದರೆ ಮಾತ್ರ ಹೊಸ ಸೆನ್ಸಾರೇ ಗತಿ. ಪಿಸ್ಟನ್ ಜಾಮ್ ಆಗಿ ಬೋರ್ ಮಾಡಿಸುವ ಖರ್ಚಿನ ಮುಂದೆ ಅದೇನೂ ದೊಡ್ಡದಲ್ಲ.

ಕೆಲವು ದೀಪಗಳು ಪೂರ್ತಿ ಸುಳ್ಳೂ ಅಲ್ಲ. ಆಗುಂಬೆ ಘಾಟಿ ಹತ್ತುವಾಗ ಮಿನುಗಿ, ಮೇಲೆ ಸಮತಟ್ಟಿಗೆ ಬಂದ ಕೂಡಲೇ ಆರಿಹೋಗುವ ದೀಪವನ್ನು ಗಮನಿಸಿ. ಏರಿನಲ್ಲಿ ಗಾಡಿಯ ಮೂತಿ ಮೇಲಾದಾಗ ಟ್ಯಾಂಕಿನ ಆಯಿಲ್ ಹಿಂದಕ್ಕೆ ಸರಿಯುತ್ತದೆ, ಫ್ಲೋಟು ಇರುವ ಕಡೆ ಮಟ್ಟ ತಗ್ಗುತ್ತದೆ. ಒಮ್ಮೆಲೇ ವೇಗ ಹೆಚ್ಚಿಸಿದಾಗಲೂ ಹಾಗೆಯೇ. ಟ್ಯಾಂಕು ತುಂಬಿದ್ದಿದ್ದರೆ ಹೀಗಾಗುತ್ತಿರಲಿಲ್ಲ. ಇನ್ನು ಸ್ವಲ್ಪ ದಿನಕ್ಕೆ ಆಯಿಲ್ ಬೇಕಾಗುತ್ತದೆ ಎಂದು ಆ ದೀಪ ಮುಂಗಡವಾಗಿ ಹೇಳುತ್ತಿದೆ. ಮುಂದಿನ ಊರಿನಲ್ಲಿ ಆಯಿಲ್ ತುಂಬಿಸಿದರೆ ಮುಗಿಯಿತು.

ಈಗಿನ ಫೋರ್-ಸ್ಟ್ರೋಕ್ ಸ್ಕೂಟರುಗಳ ಕಥೆಯೇ ಬೇರೆ. ಆಯಿಲ್ ಎಂಜಿನ್ನಿನ ತಳದಲ್ಲಿರುತ್ತದೆ, ಉರಿದುಹೋಗುವುದಿಲ್ಲ. 2001ರಿಂದ ಮನೆಮನೆಗೂ ಬಂದ ಹೋಂಡಾ ಆಕ್ಟಿವಾದಲ್ಲಿ ಮಟ್ಟ ನೋಡಲು ಇರುವುದು ಡಿಪ್‌ಸ್ಟಿಕ್ಕು. ಎಂಜಿನ್ನು ಕೆಲವು ನಿಮಿಷ ಓಡಿಸಿ ನಿಲ್ಲಿಸಬೇಕು, ಎರಡು-ಮೂರು ನಿಮಿಷ ಬಿಡಬೇಕು, ಸಮತಟ್ಟು ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಬೇಕು, ಕಡ್ಡಿ ಒರೆಸಿ, ಮರೆ ತಿರುಗಿಸದೆ ಸುಮ್ಮನೆ ಇಳಿಬಿಟ್ಟು ತೆಗೆದು ಎರಡು ಗೆರೆಗಳ ನಡುವೆ ನೋಡಬೇಕು. ಸೈಡ್ ಸ್ಟ್ಯಾಂಡಿನಲ್ಲಿ ನೋಡಿದರೆ ಕಡ್ಡಿಯೂ ತಪ್ಪು ಹೇಳುತ್ತದೆ. ಸುಜುಕಿ ಆಕ್ಸೆಸ್‌ನಂಥ ಗಾಡಿಗಳಲ್ಲಿ ಆಯಿಲ್ ಬದಲಿಸಿ ಎಂದು ನೆನಪಿಸುವ ಸೂಚಕ ಉಂಟು. ಅದು ಓಡಿದ ಕಿಲೋಮೀಟರ್ ಎಣಿಸುವ ಲೆಕ್ಕ, ಅಷ್ಟೇ. ಹೊಸ ಆಯಿಲ್ ಹಾಕಿಸಿ ಅದನ್ನು ರೀಸೆಟ್ ಮಾಡದೆ ಬಿಟ್ಟರೆ ಮತ್ತೆ ನೆನಪಿಸುತ್ತಲೇ ಇರುತ್ತದೆ. ದೊಡ್ಡ ಎಂಜಿನ್ನಿನ ಸ್ಕೂಟರು, ಕಾರುಗಳಲ್ಲಿ ಇರುವ ಆಯಿಲ್ ಪ್ರೆಷರ್ ದೀಪದ ವಿಷಯದಲ್ಲಿ ಮಾತ್ರ ಯಾವ ತರ್ಕವೂ ಬೇಡ. ಕೀಲಿ ತಿರುಗಿಸಿದಾಗ ಹತ್ತಿ, ಸ್ಟಾರ್ಟ್ ಆದ ಕ್ಷಣಗಳಲ್ಲಿ ಅದು ಆರಬೇಕು. ಓಡುವಾಗ ಹತ್ತಿತೋ, ಎಂಜಿನ್ ಆಫ್ ಮಾಡಿಯೇ ಮುಂದಿನ ಮಾತು. ಸುಳ್ಳೋ ನಿಜವೋ ಎಂದು ಯೋಚಿಸಲು ಗಾಡಿ ನಿಂತ ಮೇಲೆ ಬೇಕಾದಷ್ಟು ಹೊತ್ತಿರುತ್ತದೆ.

ದೀಪದ ಮಾತು ಬಂದಾಗಲೆಲ್ಲ ನನಗೆ ಅಮೆರಿಕದ ಎರಡು ಪ್ರಸಂಗ ನೆನಪಾಗುತ್ತವೆ. ಮೊದಲನೆಯದು 1972ರ ಡಿಸೆಂಬರ್ 29ರ ರಾತ್ರಿಯದು. ನ್ಯೂಯಾರ್ಕ್‌ನಿಂದ ಮಯಾಮಿಗೆ ಬಂದ ಈಸ್ಟರ್ನ್ ಏರ್‌ಲೈನ್ಸ್‌ನ 401ನೆಯ ವಿಮಾನ ಇಳಿಯುವುದರಲ್ಲಿತ್ತು. ಮುಂದಿನ ಚಕ್ರ ಇಳಿದಿದೆ ಎಂದು ಹೇಳಬೇಕಾದ ದೀಪ ಹತ್ತಲಿಲ್ಲ. ಚಕ್ರ ಸರಿಯಾಗಿಯೇ ಇಳಿದಿತ್ತು, ಸುಟ್ಟಿದ್ದದ್ದು ಬಲ್ಬು. ಚಾಲಕ ಕೋಣೆಯಲ್ಲಿದ್ದವರೆಲ್ಲ ಆ ದೀಪದ ಹಿಂದೆ ಬಿದ್ದಿದ್ದಾಗ ಆಟೋಪೈಲಟ್ ಎತ್ತರ ಕಾಯುವುದನ್ನು ಬಿಟ್ಟದ್ದು ಯಾರ ಗಮನಕ್ಕೂ ಬರಲಿಲ್ಲ. ವಿಮಾನ ಮೆಲ್ಲಮೆಲ್ಲನೆ ಇಳಿದು ಫ್ಲೋರಿಡಾದ ಜೌಗಿನಲ್ಲಿ ಅಪ್ಪಳಿಸಿತು. 101 ಜನ ಸತ್ತರು. ಎರಡನೆಯದು 1979ರ ಮಾರ್ಚ್ 28ರಂದು ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅಣು ಸ್ಥಾವರದಲ್ಲಿ ನಡೆದದ್ದು. ಒಂದು ವಾಲ್ವ್ ಮುಚ್ಚಿಕೊಳ್ಳದೆ ಸಿಕ್ಕಿಹಾಕಿಕೊಂಡಿತ್ತು. ಫಲಕದ ದೀಪ ಮಾತ್ರ ಆರಿತ್ತು. ಮುಚ್ಚು ಎಂಬ ಆಜ್ಞೆ ಹೋಯಿತು ಎನ್ನುವುದಷ್ಟೇ ಆ ದೀಪಕ್ಕೆ ಗೊತ್ತು; ವಾಲ್ವ್ ಮುಚ್ಚಿತೋ ಇಲ್ಲವೋ ಗೊತ್ತಿಲ್ಲ. ಸಿಬ್ಬಂದಿ ದೀಪವನ್ನು ನಂಬಿದರು. ರಿಯಾಕ್ಟರನ್ನು ತಣ್ಣಗಿಡಬೇಕಾದ ನೀರು ಗಂಟೆಗಟ್ಟಲೆ ಹೊರಗೆ ಹೋಯಿತು.

ಅಣು ಸ್ಥಾವರದ ಮಾತು ಸ್ಕೂಟರಿಗೆ ಬಹಳ ದೊಡ್ಡದಾಯಿತು ಎನ್ನಬಹುದು. ಆದರೆ ತತ್ತ್ವ ಒಂದೇ. ದೀಪ ಉರಿದು ಸುಳ್ಳು ಹೇಳಿದರೆ ನಾವು ಗ್ಯಾರೇಜಿಗಾದರೂ ಹೋಗುತ್ತೇವೆ. ಆರಿಯೇ ಸುಳ್ಳು ಹೇಳಿದರೆ ಏನೂ ತಿಳಿಯದೆ ಮುಂದೆ ಹೋಗುತ್ತಿರುತ್ತೇವೆ. ಟೂ-ಸ್ಟ್ರೋಕ್ ಗಾಡಿಯಲ್ಲಿ ಇದಕ್ಕೆ ಸರಿಯಾದ ಉದಾಹರಣೆಯೇ ಇದೆ. ಆಯಿಲ್ ಟ್ಯಾಂಕು ಒಮ್ಮೆ ಪೂರ್ತಿ ಬರಿದಾಯಿತು ಎನ್ನಿ. ಹೊಸ ಆಯಿಲ್ ಸುರಿದ ಕೂಡಲೇ ಫ್ಲೋಟು ಮೇಲೇಳುತ್ತದೆ, ದೀಪ ಆರುತ್ತದೆ, ಮನಸ್ಸಿಗೆ ನಿರಾಳ. ಆದರೆ ಟ್ಯಾಂಕಿನಿಂದ ಪಂಪಿಗೆ ಹೋಗುವ ಪೈಪಿನಲ್ಲಿ ಗಾಳಿ ಸೇರಿಕೊಂಡಿರುತ್ತದೆ. ಪಂಪು ಆಯಿಲಿನ ಬದಲು ಆ ಗಾಳಿಯನ್ನೇ ತಳ್ಳುತ್ತಿದ್ದರೆ ಟ್ಯಾಂಕು ತುಂಬಿದ್ದೂ ಪಿಸ್ಟನ್ ಒಣಗುತ್ತದೆ. ಅದಕ್ಕೇ ತಿಳಿದ ಮೆಕ್ಯಾನಿಕ್‌ಗಳು ಪಂಪಿನ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಆಯಿಲ್ ಜಿನುಗುವವರೆಗೂ ಏರ್ ತೆಗೆಯುತ್ತಾರೆ. ಅಷ್ಟು ಹೊತ್ತು ಎಂಜಿನ್ನು ಬರಿದಾಗಿ ಓಡದಿರಲಿ ಎಂದು ಪೆಟ್ರೋಲಿಗೂ ಒಂದಿಷ್ಟು ಟೂ-ಟಿ ಬೆರೆಸುತ್ತಾರೆ. ಚೇತಕ್ ಕಾಲದ ಆ ಬೆರಕೆ ಇಂಥ ಹೊತ್ತಿನಲ್ಲಿ ಇವತ್ತಿಗೂ ಎಂಜಿನ್ ಉಳಿಸುತ್ತದೆ.

ಆದ್ದರಿಂದ ದೀಪದ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸುವುದು, ಕಪ್ಲರ್ ಬಿಚ್ಚಿ ಹಾಗೇ ಬಿಡುವುದು, ಬಲ್ಬನ್ನೇ ಕಿತ್ತಿಡುವುದು ನನಗೆ ಒಪ್ಪಿಗೆಯಾಗದ ಪರಿಹಾರಗಳು. ಇವೆಲ್ಲ ಮನೆ ಕಾಯುವ ನಾಯಿ ಸುಮ್ಮಸುಮ್ಮನೆ ಬೊಗಳುತ್ತದೆ ಎಂದು ಅದರ ಬಾಯಿ ಕಟ್ಟಿ ಮಲಗಿದ ಹಾಗೆ. ಟೇಪ್ ಅಂಟಿಸಿದವರಿಗೆ ಅದು ಯಾಕೆಂದು ಗೊತ್ತಿರುತ್ತದೆ. ನಾಳೆ ಅದೇ ಗಾಡಿಯನ್ನು ಕಾಲೇಜಿಗೆ ಒಯ್ಯುವ ಮಗಳಿಗೆ, ಎರಡು ದಿನದ ಮಟ್ಟಿಗೆ ಕೇಳಿ ಪಡೆದ ಪಕ್ಕದ ಮನೆಯವರಿಗೆ ಗೊತ್ತಿರುವುದಿಲ್ಲ. ಘಾಟಿಯ ನಡುವೆ ಎಂಜಿನ್ ಹಿಡಿದುಕೊಂಡು ಹಿಂದಿನ ಚಕ್ರ ನಿಂತುಬಿಟ್ಟರೆ ಬೀಳುವವರು ಅವರು.

ದೀಪ ರಿಪೇರಿಯಾಗುವ ತನಕ, ಆದ ನಂತರವೂ, ಒಂದು ರೂಢಿ ಇಟ್ಟುಕೊಳ್ಳಿ ಎನ್ನುತ್ತೇನೆ. ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗ ಆಯಿಲ್ ಟ್ಯಾಂಕಿನ ಮುಚ್ಚಳವನ್ನೂ ತೆಗೆದು ನೋಡಿ, ಮಟ್ಟ ಎಷ್ಟು ಇಳಿದಿದೆ ಎಂದು ಗಮನಿಸಿ. ಎಂದಿಗಿಂತ ಬೇಗ ಇಳಿದರೆ ಎಲ್ಲೋ ಸೋರಿಕೆಯಿದೆ. ಅದಕ್ಕಿಂತ ಹೆಚ್ಚು ಭಯಪಡಬೇಕಾದದ್ದು ಆಯಿಲ್ ಇಳಿಯದೇ ಇದ್ದಾಗ. ಪೆಟ್ರೋಲು ಖರ್ಚಾಗಿ ಆಯಿಲ್ ಮಾತ್ರ ಇದ್ದಷ್ಟೇ ಇದ್ದರೆ ಪಂಪು ನಿಂತಿದೆ ಎಂದರ್ಥ. ಆಗ ಟ್ಯಾಂಕು ತುಂಬಿರುತ್ತದೆ, ಫ್ಲೋಟು ಮೇಲಿರುತ್ತದೆ, ದೀಪ ಹತ್ತುವುದೇ ಇಲ್ಲ. ಆ ಅಪಾಯವನ್ನು ಹೇಳುವ ದೀಪ ಆ ಗಾಡಿಯಲ್ಲಿಲ್ಲ. ಅದನ್ನು ಕಂಡುಹಿಡಿಯಬೇಕಾದವರು ಮುಚ್ಚಳ ತೆಗೆದು ನೋಡುವ ನಾವೇ. ಮನೆಯಲ್ಲಿ ಗಾಡಿ ಓಡಿಸಲು ಕಲಿಯುತ್ತಿರುವವರಿದ್ದರೆ ಆಕ್ಸಿಲರೇಟರ್, ಬ್ರೇಕಿನ ಜೊತೆಗೆ ಆ ಮುಚ್ಚಳ ಎಲ್ಲಿದೆ ಎನ್ನುವುದನ್ನೂ ಮೊದಲ ದಿನವೇ ತೋರಿಸಿಕೊಡಿ.