ಶೇಂಗಾ ಮತ್ತು ಕೋಳಿಯ ವ್ಯಾಜ್ಯ

ಚಳ್ಳಕೆರೆ ಸೀಮೆಯ ಒಂದು ಊರಿನಲ್ಲಿ, ನಿವೃತ್ತರಾದ ಗಣಿತದ ಮೇಷ್ಟ್ರೊಬ್ಬರ ಮನೆಯ ಜಗಲಿಯ ಮೇಲೆ, ಹನ್ನೆರಡು ವರ್ಷಗಳಿಂದ ಒಂದು ವ್ಯಾಜ್ಯ ನಡೆದುಬಂದಿತ್ತು. ವಾದಿಗಳು ಮೇಷ್ಟ್ರು, ಪ್ರತಿವಾದಿಗಳು ಎದುರುಮನೆಯ ಯಜಮಾನರು. ವ್ಯಾಜ್ಯಕ್ಕೆ ಕಾರಣ ಹೊಲದ ಬದುವಲ್ಲ, ಮನೆಯ ಗೋಡೆಯಲ್ಲ. ಮನುಷ್ಯನ ಮೈಗೆ ಶೇಂಗಾ ಮೇಲೋ, ಕೋಳಿ ಮೇಲೋ ಎಂಬುದು ಅಲ್ಲಿ ಇತ್ಯರ್ಥವಾಗಬೇಕಾಗಿದ್ದ ಪ್ರಶ್ನೆ. ಸಾಕ್ಷಿಗಳಿಗೆ ಕೊರತೆಯಿರಲಿಲ್ಲ. ಮೇಷ್ಟ್ರಿಗೆ ನಾಲ್ಕು ಎಕರೆ ಶೇಂಗಾ ಹೊಲವಿತ್ತು. ಯಜಮಾನರಿಗೆ ಊರ ಹೊರಗೆ ಕೋಳಿ ಫಾರಂ ಇತ್ತು. ಮೇಷ್ಟ್ರು ಹುಟ್ಟಾ ಸಸ್ಯಾಹಾರಿಗಳು. ಯಜಮಾನರ ಮನೆಯಲ್ಲಿ ಭಾನುವಾರ ಕೋಳಿಸಾರಿನ ಒಗ್ಗರಣೆಯಿಲ್ಲದೆ ಹೊತ್ತು ಮುಳುಗುತ್ತಿರಲಿಲ್ಲ. ಇಷ್ಟಾದರೂ ಇಬ್ಬರೂ ಪ್ರಾಣಸ್ನೇಹಿತರು. ಜಗಳವಾಡದ ಸಂಜೆ ಇಬ್ಬರಿಗೂ ಸಪ್ಪೆಯಾಗಿ ತೋರುತ್ತಿತ್ತು.

ಗಣಿತದ ಮೇಷ್ಟ್ರಾದ ಮೇಲೆ ವಾದ ಬಾಯಿಮಾತಿನಲ್ಲಿ ನಿಲ್ಲುವುದೆಂತು? ಅವರು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮನೆಗಳನ್ನು ಮಾಡಿದರು. ನೂರು ಗ್ರಾಂ ಶೇಂಗಾ ಬೀಜದಲ್ಲಿ ಪ್ರೋಟೀನು ಸುಮಾರು 25 ಗ್ರಾಂ. ಬಾದಾಮಿಯಲ್ಲಿ 21, ಗೋಡಂಬಿಯಲ್ಲಿ 18, ಅಕ್ರೋಟಿನಲ್ಲಿ 15. ಚರ್ಮ ತೆಗೆದ ಕೋಳಿಯ ಹಸಿ ಎದೆಮಾಂಸದಲ್ಲಿ 22 ಅಥವಾ 23. ಇಷ್ಟು ಬರೆದು, ಶೇಂಗಾದ ಅಂಕಿಯ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು, ಯಜಮಾನರ ಮುಂದೆ ಹಿಡಿದರು. ಬಾದಾಮಿಯನ್ನೂ ಕೋಳಿಯನ್ನೂ ಒಟ್ಟಿಗೆ ಸೋಲಿಸಿದ ಈ ಬೀಜವನ್ನು ಬಡವರ ಬಾದಾಮಿ ಎಂದು ಕರೆಯುವುದು ಶೇಂಗಾಕ್ಕೆ ಮಾಡುವ ಅವಮಾನವೆಂದೂ, ಬಾದಾಮಿಯನ್ನೇ ಶ್ರೀಮಂತರ ಶೇಂಗಾ ಎನ್ನಬೇಕೆಂದೂ ಅವರ ಅಭಿಪ್ರಾಯ. ಶೇಂಗಾ ಸಸ್ಯಶಾಸ್ತ್ರದ ಪ್ರಕಾರ ತೊಗರಿ, ಅವರೆಗಳ ದಾಯಾದಿಯೇ ಹೊರತು ಬಾದಾಮಿಯ ಕುಲಕ್ಕೆ ಸೇರಿದ್ದಲ್ಲ ಎಂಬುದನ್ನು ಅವರು ಬಲ್ಲರು. ಆದರೆ ವಾದಕ್ಕೆ ಬೇಕಾದಾಗ ಮಾತ್ರ ಅದನ್ನು ನೆನೆಯುತ್ತಿದ್ದರು.

ಅವರ ಬತ್ತಳಿಕೆಯಲ್ಲಿ ಇನ್ನೊಂದು ಬಾಣವಿತ್ತು. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು, ನಾಡಿನ ಮಕ್ಕಳ ಪ್ರೋಟೀನಿನ ಕೊರತೆಯನ್ನು ನೀಗಿಸಲು ಒಂದು ವಿವಿಧೋದ್ದೇಶ ಆಹಾರವನ್ನು ಸಿದ್ಧಪಡಿಸಿದರಷ್ಟೆ. ಅದರಲ್ಲಿ ಮುಕ್ಕಾಲು ಪಾಲು ಎಣ್ಣೆ ತೆಗೆದ ಶೇಂಗಾ ಹಿಟ್ಟು, ಕಾಲು ಪಾಲು ಕಡಲೆ ಹಿಟ್ಟು. “ವಿಜ್ಞಾನಿಗಳು ಕೋಳಿಯನ್ನು ಹಿಡಿಯಲಿಲ್ಲ, ಯಜಮಾನ್ರೇ, ಶೇಂಗಾವನ್ನು ಹಿಡಿದರು” ಎಂದು ಮೇಷ್ಟ್ರು ಹೇಳಿದಾಗ ಯಜಮಾನರು ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿ, “ಹಿಡಿಯೋದಕ್ಕೆ ಹೋದರೆ ಕೋಳಿ ಓಡುತ್ತೆ ಮೇಷ್ಟ್ರೇ, ಶೇಂಗಾ ಓಡೋದಿಲ್ಲ” ಎಂದಿದ್ದರು.

ಬೆಂಗಳೂರಿನಲ್ಲಿ ಆಹಾರಶಾಸ್ತ್ರ ಓದುತ್ತಿದ್ದ ಮೊಮ್ಮಗಳು ದಸರಾ ರಜೆಗೆಂದು ಬಂದಾಗ ನೋಟ್‌ಬುಕ್ಕು ಅವಳ ಕೈಗೆ ಸಿಕ್ಕಿತು. ಅವಳು ಅದನ್ನು ಓದಿ ನಗಲಿಲ್ಲ. ನಕ್ಕಿದ್ದರೆ ಮೇಷ್ಟ್ರಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಪೆನ್ಸಿಲು ತೆಗೆದುಕೊಂಡು ಇನ್ನೊಂದು ಸಾಲು ಸೇರಿಸಿದಳು. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 567 ಕ್ಯಾಲೊರಿ, ಅರ್ಧಕ್ಕರ್ಧ ಎಣ್ಣೆ. ಅದೇ ತೂಕದ ಕೋಳಿಯ ಎದೆಮಾಂಸದಲ್ಲಿ 120 ಕ್ಯಾಲೊರಿ, ಕೊಬ್ಬು ಮೂರು ಗ್ರಾಮಿನೊಳಗೆ. ಮೈತೂಕದ ಕೆ.ಜಿ.ಗೆ 0.83 ಗ್ರಾಮಿನಂತೆ ಅರವತ್ತು ಕೆ.ಜಿ.ಯ ತಾತನಿಗೆ ದಿನಕ್ಕೆ 50 ಗ್ರಾಂ ಪ್ರೋಟೀನು ಬೇಕು. ಅದನ್ನು ಶೇಂಗಾದಿಂದಲೇ ಪಡೆಯುವುದಾದರೆ 200 ಗ್ರಾಂ ತಿನ್ನಬೇಕು. ಪ್ರೋಟೀನಿನ ಜೊತೆಗೆ ಸಾವಿರದ ನೂರಕ್ಕೂ ಮಿಕ್ಕಿ ಕ್ಯಾಲೊರಿ ಹೊಟ್ಟೆ ಸೇರುತ್ತದೆ. ಕೋಳಿಯಿಂದಾದರೆ 270ರ ಒಳಗೇ ಕೆಲಸ ಮುಗಿಯುತ್ತದೆ.

“ಶೇಂಗಾ ಸೋತಿತು ಅನ್ನು” ಎಂದರು ಮೇಷ್ಟ್ರು.

“ಸೋಲು ಗೆಲುವು ಅಲ್ಲ ತಾತ. ನೀವು ಎಣ್ಣೆಗಾಣವನ್ನೂ ಮಾಂಸದಂಗಡಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದೀರಿ.”

ಅವಳ ವಿವರಣೆ ಅಷ್ಟಕ್ಕೇ ಮುಗಿಯಲಿಲ್ಲ. ಪ್ರೋಟೀನು ಎಂಬುದು ಒಂದೇ ಪದಾರ್ಥವಲ್ಲ, ಹಲವು ಬಗೆಯ ಅಮೈನೋ ಆಮ್ಲಗಳ ಸರ. ಶೇಂಗಾದ ಸರದಲ್ಲಿ ಲೈಸೀನ್ ಎಂಬ ಮಣಿ ಕಡಿಮೆ. ಜೋಳದಲ್ಲಿಯೂ ಅಕ್ಕಿಯಲ್ಲಿಯೂ ಕಡಿಮೆಯಾಗಿರುವುದು ಅದೇ ಮಣಿಯೇ. ಆದ್ದರಿಂದ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಎಷ್ಟು ರುಚಿಕರವಾದರೂ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡಲಾರದು. ತೊಗರಿಬೇಳೆಯೋ ಕಾಳಿನ ಪಲ್ಯವೋ ಮಜ್ಜಿಗೆಯೋ ಜೊತೆಗಿರಬೇಕು. ಕೋಳಿಯಲ್ಲಿ ಆ ಮಣಿಗಳೆಲ್ಲ ಬೇಕಾದ ಪ್ರಮಾಣದಲ್ಲಿವೆ. ಹಾಗೆಂದು ಬೀಜಗಳನ್ನು ಬದಿಗೊತ್ತುವಂತಿಲ್ಲ. ಕೋಳಿಯಲ್ಲಿ ನಾರು ಇಲ್ಲವೇ ಇಲ್ಲ. ಬಾದಾಮಿಯಲ್ಲಿರುವಷ್ಟು ಇ ಜೀವಸತ್ವವಾಗಲಿ ಸುಣ್ಣಾಂಶವಾಗಲಿ ಅದರಲ್ಲಿ ಸಿಗದು. ಬೀಜದ ಎಣ್ಣೆ ಬಹುಪಾಲು ಹೃದಯಕ್ಕೆ ಹಿತವಾದದ್ದು. ಕ್ಯಾಲಿಫೋರ್ನಿಯಾದ ಅಡ್ವೆಂಟಿಸ್ಟ್ ಪಂಥದ ಸಹಸ್ರಾರು ಜನರನ್ನು ಗಮನಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ನಾಲ್ಕು ಬಾರಿಗಿಂತ ಹೆಚ್ಚಾಗಿ ಬೀಜಗಳನ್ನು ತಿನ್ನುತ್ತಿದ್ದವರಲ್ಲಿ ಹೃದಯಾಘಾತ, ಅಪರೂಪಕ್ಕೆ ತಿನ್ನುವವರಿಗೆ ಹೋಲಿಸಿದರೆ, ಹೆಚ್ಚುಕಡಿಮೆ ಅರ್ಧದಷ್ಟೇ ಕಂಡುಬಂದಿತ್ತು. ದಿನಕ್ಕೊಂದು ಹಿಡಿ ಸಾಕು, ಸೇರುಗಟ್ಟಲೆ ಬೇಡ.

ಇದನ್ನು ಕೇಳುತ್ತ ಬಾಗಿಲ ಬಳಿ ನಿಂತಿದ್ದ ಮೇಷ್ಟ್ರ ಪತ್ನಿ, ಗೋಡೆಯನ್ನು ಹಿಡಿದುಕೊಂಡು ಒಳಗೆ ಹೋದರು. ಗೋಡೆ ಹಿಡಿದುಕೊಳ್ಳುವ ಅಭ್ಯಾಸ ಆಕೆಗೆ ಆರು ತಿಂಗಳಿಂದ ಬಂದಿತ್ತು. ಮೊಮ್ಮಗಳು ಅದನ್ನು ನೋಡಿದಳು. ಮನೆಯ ಉಳಿದವರು ದಿನವೂ ನೋಡುತ್ತಿದ್ದರಾಗಿ ಯಾರೂ ನೋಡಿರಲಿಲ್ಲ.

ವಿಚಾರಿಸಿದಾಗ ಆಕೆ ಸುಲಭವಾಗಿ ಬಾಯಿಬಿಡಲಿಲ್ಲ. ಅಂಗಾಲುಗಳಲ್ಲಿ ಜುಮುಜುಮು ಎನ್ನುವುದು ಎರಡು ವರ್ಷದ ಮಾತು. ಈಗ ಕಾಲಿನ ಕೆಳಗೆ ನೆಲವಿದೆಯೋ ಹತ್ತಿಯಿದೆಯೋ ತಿಳಿಯದು. ಆಯಾಸ, ನಾಲಿಗೆಯಲ್ಲಿ ಉರಿ, ಸಾರಿಗೆ ಉಪ್ಪು ಹಾಕಿದ್ದು ನೆನಪಾಗದೆ ಎರಡು ಬಾರಿ ಹಾಕಿದ ದಿನಗಳೂ ಉಂಟು. ಆ ಸಾರಿನ ಬಗ್ಗೆ ಮೇಷ್ಟ್ರು ಒಮ್ಮೆ ಸಿಡುಕಿದ್ದೂ ಉಂಟು. ಆಯಾಸವೆಂದು ಆಕೆ ಮೊದಲು ಹೇಳಿದಾಗ ಮೇಷ್ಟ್ರು ನೋಟ್‌ಬುಕ್ಕನ್ನು ತೆರೆದು ನೋಡಿ, ಬೆಳಗ್ಗೆ ಒಂದು ಹಿಡಿ ನೆನೆಸಿದ ಶೇಂಗಾ ತಿನ್ನು, ಎಲ್ಲ ಸರಿಹೋಗುತ್ತದೆ ಎಂದಿದ್ದರು. ಗಂಡನ ಮಾತಿನಲ್ಲಿಯೂ ಅಂಕಿಗಳಲ್ಲಿಯೂ ಸಮಾನವಾದ ವಿಶ್ವಾಸವಿದ್ದ ಆಕೆ, ಎರಡು ವರ್ಷ ಒಂದು ದಿನವೂ ತಪ್ಪದೆ ತಿಂದಿದ್ದರು.

ಜಿಲ್ಲಾ ಕೇಂದ್ರದಲ್ಲಿ ರಕ್ತಪರೀಕ್ಷೆಯಾಯಿತು. ಬಿ-12 ಜೀವಸತ್ವ ತೀರ ಕೆಳಗಿಳಿದಿತ್ತು. ಶೇಂಗಾದಲ್ಲಿ ಅದು ಎಷ್ಟಿದೆ ಎಂದು ಮೇಷ್ಟ್ರು ಕೇಳಿದರು. ಸೊನ್ನೆ ಎಂದರು ವೈದ್ಯರು. ಬಾದಾಮಿಯಲ್ಲಿ? ಅಲ್ಲೂ ಸೊನ್ನೆಯೇ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೆ ಏನು ಬರುತ್ತದೆಂಬುದನ್ನು ಮೂವತ್ತಾರು ವರ್ಷ ಕಲಿಸಿದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಂದು ಸಂಜೆ ಯಜಮಾನರು ಎಂದಿನಂತೆ ಜಗಲಿಗೆ ಬಂದರು. ಗೆದ್ದವರ ಗತ್ತಿನಲ್ಲಿ ಬರಬಹುದಿತ್ತು, ಬರಲಿಲ್ಲ. ವಿಷಯ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಕೋಳಿಗಳಿಗೂ ಬಿ-12 ಹಾಕುತ್ತೇವೆ ಮೇಷ್ಟ್ರೇ” ಎಂದರು. ಮೆಕ್ಕೆಜೋಳ, ಸೋಯಾ ಹಿಂಡಿಗಳ ಜೊತೆ ಬೆರೆಸುವ ಜೀವಸತ್ವದ ಪುಡಿಯ ಚೀಲದ ಮೇಲೆ ಅದರ ಹೆಸರಿರುತ್ತದೆಯಂತೆ. ಲೈಸೀನನ್ನೂ ಪ್ರತ್ಯೇಕವಾಗಿ ತೂಗಿ ಹಾಕುತ್ತಾರಂತೆ.

ಮಾತು ನಿಜವೆಂದು ಮೊಮ್ಮಗಳು ಹೇಳಿದಳು. ಈ ಜೀವಸತ್ವದ ಚರಿತ್ರೆಯಲ್ಲಿ ಕೋಳಿಗೂ ಒಂದು ಪಾತ್ರವಿದೆ. ಬರಿಯ ಸಸ್ಯಾಹಾರವನ್ನು ಹಾಕಿದ ಮರಿಗಳು ಸರಿಯಾಗಿ ಬೆಳೆಯದಿರುವುದನ್ನು ಕಂಡ ವಿಜ್ಞಾನಿಗಳು, ಪ್ರಾಣಿಜನ್ಯ ಆಹಾರದಲ್ಲಿ ಏನೋ ಒಂದು ಅಜ್ಞಾತ ಅಂಶವಿದೆ ಎಂದು ಊಹಿಸಿದ್ದರು. 1948ರಲ್ಲಿ ಬಿ-12 ಕೆಂಪು ಹರಳುಗಳಾಗಿ ಕೈಗೆ ಸಿಕ್ಕ ಮೇಲೆ, ಆ ಅಜ್ಞಾತ ಅಂಶ ಬಹುಮಟ್ಟಿಗೆ ಅದೇ ಎಂದು ತಿಳಿಯಿತು. ಅದನ್ನು ತಯಾರಿಸುವ ಶಕ್ತಿ ಗಿಡಕ್ಕೂ ಇಲ್ಲ, ಕೋಳಿಗೂ ಇಲ್ಲ. ಅದು ಸೂಕ್ಷ್ಮಜೀವಿಗಳ ಕೆಲಸ. ಕೋಳಿಯ ಎದೆಮಾಂಸದಲ್ಲಿಯೂ ಅದು ಅಷ್ಟೇನೂ ಹೆಚ್ಚಿಲ್ಲ. ಪಿತ್ತಜನಕಾಂಗದಲ್ಲಿ ಹೇರಳ, ಮೊಟ್ಟೆಯಲ್ಲಿ ಸಾಧಾರಣ. ಶೇಂಗಾವನ್ನು ನಂಬಿ ಕೋಳಿಜಾತಿ ಕೆಟ್ಟ ಇನ್ನೊಂದು ಕಥೆಯನ್ನೂ ಅವಳು ಹೇಳಿದಳು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತುಬಿದ್ದವು. ಕಾರಣ ಬ್ರೆಜಿಲ್ಲಿನಿಂದ ಬಂದ ಶೇಂಗಾ ಹಿಂಡಿಯಲ್ಲಿ ಬೆಳೆದ ಬೂಷ್ಟಿನ ವಿಷ. ಅಫ್ಲಟಾಕ್ಸಿನ್ ಲೋಕಕ್ಕೆ ಪರಿಚಯವಾದದ್ದು ಹಾಗೆ. ಕಾಯಿಯನ್ನು ಚೆನ್ನಾಗಿ ಒಣಗಿಸಿ, ಬೂಷ್ಟು ಹಿಡಿದದ್ದನ್ನು ಆರಿಸಿ ಎಸೆಯಬೇಕೆಂದು ಹೇಳುವುದು ಇದಕ್ಕಾಗಿಯೇ. ಬೇರೆ ದಿನವಾಗಿದ್ದರೆ ಈ ಕಥೆಯಿಂದ ಯಜಮಾನರಿಗೆ ಒಂದು ವಾರದ ಸಾಮಗ್ರಿ ದೊರೆಯುತ್ತಿತ್ತು.

ಆದರೆ ಮೇಷ್ಟ್ರ ಮನಸ್ಸು ಚೀಲದ ಮೇಲಿನ ಅಕ್ಷರಗಳಲ್ಲೇ ನಿಂತಿತ್ತು. ಫಾರಮ್ಮಿನ ಕೋಳಿಗೆ ಏನೇನು ಎಷ್ಟೆಷ್ಟು ಬೇಕೆಂದು ತೂಗುವವರಿದ್ದಾರೆ. ತಮ್ಮ ಮನೆಯಲ್ಲಿ? ಬೆಳಗಿನ ಹಾಲು ಮಕ್ಕಳಿಗೆ, ಆಮೇಲೆ ಮೊಮ್ಮಕ್ಕಳಿಗೆ, ಗಟ್ಟಿಮೊಸರು ಮೇಷ್ಟ್ರಿಗೆ, ಎಲ್ಲರೂ ಎದ್ದ ಮೇಲೆ ಪಾತ್ರೆಯ ತಳದಲ್ಲಿ ಉಳಿದುದಕ್ಕೆ ನೀರು ಬೆರೆಸಿ ಆಕೆಗೆ. ಮಕ್ಕಳು ಊರು ಬಿಟ್ಟು ಹದಿನೈದು ವರ್ಷವಾದರೂ ಆ ಪದ್ಧತಿ ಬದಲಾಗಿರಲಿಲ್ಲ. ಈಗ ಉಳಿದ ಮೊಸರು ಕೆಲಸದವಳ ಮಗುವಿಗೆ ಹೋಗುತ್ತಿತ್ತು. ಒಂದು ದೊಡ್ಡ ಲೋಟ ಹಾಲಿನಲ್ಲಿ ಬಿ-12 ಸುಮಾರು ಒಂದು ಮೈಕ್ರೋಗ್ರಾಂ. ದಿನಕ್ಕೆ ಬೇಕಾದದ್ದು ಎರಡಕ್ಕಿಂತ ತುಸು ಹೆಚ್ಚು. ಯಕೃತ್ತಿನ ಸಂಗ್ರಹ ವರ್ಷಗಟ್ಟಲೆ ಒದಗಿಬರುವುದರಿಂದ ಕೊರತೆ ಬೇಗನೆ ಕಾಣಿಸದು. ವಯಸ್ಸಾದಂತೆ ಜಠರವೂ ಅದನ್ನು ಬಿಡಿಸಿಕೊಳ್ಳಲು ಸೋಲುತ್ತದೆ. ಮೇಷ್ಟ್ರು ಈ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ. ಮರುದಿನದಿಂದ ಊಟದ ಹೊತ್ತಿಗೆ ಎರಡು ತಟ್ಟೆ ಹಾಕಿ, “ನೀನೂ ಕೂತುಕೋ” ಎಂದರು. ಆಕೆಗೆ ಸಂಕೋಚವಾಯಿತು. ಬಡಿಸುವವರು ಯಾರು ಎಂದು ಕೇಳಿದರು. ಮೊದಲ ದಿನ ಮೇಷ್ಟ್ರು ಬಡಿಸಿದ ಸಾರು ಅರ್ಧ ನೆಲಕ್ಕೆ ಬಿತ್ತು.

ಸೂಜಿಮದ್ದುಗಳಾದವು, ಈಗ ಮಾತ್ರೆ ನಡೆಯುತ್ತಿದೆ. ಆಯಾಸ ತಿಂಗಳೊಳಗೆ ಇಳಿಯಿತು. ನಾಲಿಗೆಯ ಉರಿ ಹೋಯಿತು. ಗೋಡೆಯ ಆಸರೆ ಹಗಲಿನಲ್ಲಿ ಬೇಕಾಗುವುದಿಲ್ಲ. ಎಡಗಾಲಿನ ಎರಡು ಬೆರಳುಗಳಿಗೆ ಮಾತ್ರ ಸ್ಪರ್ಶ ಮರಳಿಲ್ಲ. ತಡವಾದ ನರಗಳಲ್ಲಿ ಅಷ್ಟು ಉಳಿದುಬಿಡಬಹುದು ಎಂದಿದ್ದಾರೆ ವೈದ್ಯರು.

ಜಗಲಿಯ ವ್ಯಾಜ್ಯ ಒಂದು ತಿಂಗಳು ನಿಂತಿದ್ದು ಮತ್ತೆ ಶುರುವಾಗಿದೆ. ಯಜಮಾನರಿಗೆ ಈಚೆಗೆ ಕೊಬ್ಬಿನಂಶ ಹೆಚ್ಚಿದೆಯೆಂದು ತಿಳಿದು, ಕೋಳಿಯನ್ನು ಚರ್ಮ ತೆಗೆದು, ಎಣ್ಣೆ ಕಡಿಮೆ ಮಾಡಿ ತಿನ್ನಬೇಕೆಂದೂ, ದಿನಕ್ಕೊಂದು ಹಿಡಿ ಬೀಜ ಸೇರಿಸಿಕೊಳ್ಳಬಹುದೆಂದೂ ಸಲಹೆ ಬಂದಿದೆ. ಸಂಜೆ ಅವರು ಅಂಗೈ ಚಾಚಿದರೆ ಹುರಿದ ಶೇಂಗಾವನ್ನು ಎಣಿಸಿ ಕೊಡುವುದು ಮೇಷ್ಟ್ರ ಪತ್ನಿ. ಉಪ್ಪು ಹಾಕಿಲ್ಲವಲ್ಲ ತಾಯಿ ಎಂದು ಯಜಮಾನರು ಗೊಣಗುತ್ತಾರೆ. ಮರೆತಿಲ್ಲ, ಬೇಕೆಂದೇ ಹಾಕಿಲ್ಲ ಎಂದು ಆಕೆ ಉತ್ತರ ಕೊಡುತ್ತಾರೆ.