ಸೆಕೆಂಡಿಗೆ ಎಷ್ಟು ಚಿತ್ರ?

ಚಲಚ್ಚಿತ್ರದಲ್ಲಿ ನಿಜವಾಗಿ ಚಲಿಸುವುದು ಯಾವುದೂ ಇಲ್ಲ. ಒಂದರ ಹಿಂದೊಂದು ಬರುವ ನಿಶ್ಚಲ ಚಿತ್ರಗಳನ್ನು ನಮ್ಮ ಕಣ್ಣು ಚಲನೆಯೆಂದು ನಂಬುತ್ತದೆ, ಅಷ್ಟೆ. ಆ ನಂಬಿಕೆ ಕೆಡದಿರಲು ಸೆಕೆಂಡಿಗೆ ಎಷ್ಟು ಚಿತ್ರ ಬೇಕು? ಮೂಕಚಿತ್ರಗಳ ಕಾಲದಲ್ಲಿ ಇದಕ್ಕೊಂದು ಕಟ್ಟುನಿಟ್ಟಿನ ನಿಯಮವಿರಲಿಲ್ಲ. 1920ರ ದಶಕದ ಕೊನೆಗೆ ಚಿತ್ರಕ್ಕೆ ಮಾತು ಬಂದಿತು. ವೇಗ ಬದಲಾದರೆ ಧ್ವನಿಯೂ ಕೆಡುವುದರಿಂದ 24 ಎಂಬ ಸಂಖ್ಯೆ ನೆಲೆಗೊಂಡಿತು. ನಮ್ಮ ದೇಶದ ದೂರದರ್ಶನವು 25ನ್ನು ಅನುಸರಿಸಿತು. ಅಮೆರಿಕದವರದು ಹೆಚ್ಚುಕಡಿಮೆ 30.

ಅಂಗೈಯಗಲದ ಯಂತ್ರಗಳು ಬಂದ ಮೇಲೆ ಈ ಲೆಕ್ಕ ನಮ್ಮ ನಿಮ್ಮಂಥವರ ಪಾಲಿಗೂ ಬಂದಿತು. 2005ರಲ್ಲಿ ಬಂದ ಎರಡೂವರೆ ಅಂಗುಲ ತೆರೆಯ ಐಪಾಡ್ ಸೆಕೆಂಡಿಗೆ 30 ಚಿತ್ರಗಳನ್ನು ತೋರಿಸಬಲ್ಲುದಾಗಿತ್ತು. ಅಗ್ಗದ ಪ್ಲೇಯರುಗಳಿಗೆ ಅಷ್ಟು ಶಕ್ತಿಯಿರಲಿಲ್ಲ. ಅಣ್ಣನ ಕೈದಾಟಿ ನನಗೆ ಬಂದದ್ದು ಅಂಥದೇ ಒಂದು.

ನನ್ನ ಅಜ್ಜ ಯಕ್ಷಗಾನದ ಮದ್ದಳೆಗಾರರು. ಅವರು ಈಗಿಲ್ಲ. ಒಂದು ರಾತ್ರಿಯ ಆಟದಲ್ಲಿ ಅವರು ನುಡಿಸಿದ್ದರ ಚಿತ್ರಣ ಮಾತ್ರ ಮನೆಯಲ್ಲಿ ಉಳಿದಿದೆ. ಕಾಲೇಜಿಗೆ ಬರುವ ಬಸ್ಸಿನಲ್ಲಿ ಅದನ್ನು ನೋಡುತ್ತ ಕೈಯ ಪಾಠ ಕಲಿಯಬೇಕೆಂಬುದು ನನ್ನ ಆಸೆ.

ಮೂಲದಲ್ಲಿ ಸೆಕೆಂಡಿಗೆ 25 ಚಿತ್ರ. ಹಾಗೆಯೇ ತುಂಬಿದರೆ ಯಂತ್ರ ಏದುಸಿರು ಬಿಡುತ್ತದೆ. ಮದ್ದಳೆಯ ಸದ್ದು ಮುಂದೆ, ಕೈ ಹಿಂದೆ. 15ಕ್ಕೆ ಇಳಿಸೋಣವೆಂದರೆ, ಪ್ರತಿ ಐದು ಚಿತ್ರದಲ್ಲಿ ಮೂರನ್ನು ಉಳಿಸಬೇಕು. ಎಡೆ ಸಮವಾಗಿರದೆ ಚಲನೆ ಕುಂಟುತ್ತದೆ. ಒಂದು ಬಿಟ್ಟು ಒಂದರಂತೆ ಹನ್ನೆರಡೂವರೆಗೆ ಇಳಿಸಿದರೆ ಕುಂಟು ಹೋಗುತ್ತದೆ. ಆದರೆ ದ್ರುತಗತಿಯಲ್ಲಿ ಸೆಕೆಂಡಿಗೆ ಎಂಟು ಪೆಟ್ಟು ಬಿದ್ದಾಗ ಒಂದೊಂದು ಪೆಟ್ಟಿಗೆ ದಕ್ಕುವುದು ಒಂದೂವರೆ ಚಿತ್ರ. ಬೆರಳು ಎತ್ತಿದ್ದು ಕಂಡರೆ ಬಿದ್ದದ್ದು ಕಾಣದು. 25ರಲ್ಲಾದರೆ ಮೂರು ಚಿತ್ರ ಸಿಗುತ್ತವೆ. ಬೆರಳಿನ ಜಾಡು ಹಿಡಿಯಬಹುದು.

25ನ್ನೇ ಉಳಿಸಬೇಕಾದರೆ ಚಿತ್ರದ ಅಳತೆ ಕುಗ್ಗಬೇಕು. ಅಷ್ಟು ಚಿಕ್ಕದರಲ್ಲಿ ಕೈ ಕಾಣಬೇಕಾದರೆ ಉಳಿದುದನ್ನೆಲ್ಲ ಕತ್ತರಿಸಬೇಕು. ಭಾಗವತರು ಹೋದರು, ಚಂಡೆಯವರು ಹೋದರು. ಕೊನೆಗೆ ಅಜ್ಜನ ಮುಖವೂ ಹೋಯಿತು. ಮದ್ದಳೆ ಮತ್ತು ಎರಡು ಕೈಗಳು ಉಳಿದವು.

ಅದನ್ನು ಅಜ್ಜಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, "ಕೈ ಅವರದ್ದೇ ಮಗಾ, ಆದರೆ ಮುಖ ಎಲ್ಲಿ?" ಎಂದಳು.

ಆಮೇಲೆ ಎರಡನೆಯ ಪ್ರತಿ ಮಾಡಿದೆ. ನುಡಿಸುವಾಗ ಅಜ್ಜನ ಮುಖ ಅಲುಗುತ್ತಿದ್ದುದೇ ಅಪರೂಪ. ಅದಕ್ಕೆ ಹನ್ನೆರಡೂವರೆ ಧಾರಾಳವಾಯಿತು. ಚಿತ್ರಗಳು ಕಡಿಮೆಯಾದುದರಿಂದ ಅಷ್ಟೇ ಜಾಗದಲ್ಲಿ ಒಂದೊಂದೂ ಹೆಚ್ಚು ಸ್ಪಷ್ಟವಾಗಿ ಮೂಡಿತು.

ಇಂದಿನ ಮೊಬೈಲುಗಳು 60 ಚಿತ್ರಗಳನ್ನೂ ಲೀಲಾಜಾಲವಾಗಿ ತೋರಿಸುತ್ತವೆ. ಈ ಪಾಡೇಕೆ ಎಂದು ಮಿತ್ರರು ನಗುತ್ತಾರೆ. ನಗಲಿ. ಯಂತ್ರ ಬಡವಾಗಿದ್ದುದರಿಂದಲೇ, ಯಾರಿಗೆ ಏನು ಕಾಣಬೇಕೆಂದು ನಾನು ಕೇಳಿಕೊಳ್ಳಬೇಕಾಯಿತು. ಈಗ ಬಸ್ಸಿನಲ್ಲಿ ನಾನು ಕೈಗಳನ್ನು ನೋಡುತ್ತೇನೆ. ಸಂಜೆ ಯಂತ್ರ ಅಜ್ಜಿಯ ವಶ.